ಚೈನು ಉದ್ದ ಆಗಲ್ಲ, ಸವೀತದೆ!

(ತಿಳಿದುಕೊಳ್ಳೋಣ ವಿಭಾಗ – ಏಳನೇ ತರಗತಿ)



ನಮ್ಮ ಶಾಲೆಗೆ ಸುತ್ತಲ ಹಳ್ಳಿಗಳಿಂದ ಎಷ್ಟೋ ಮಂದಿ ಸೈಕಲ್ಲಿನಲ್ಲಿ ಬರುತ್ತೇವೆ. ತುಂಬಾ ಮನೆಗಳಲ್ಲಿ ಅಪ್ಪನೋ ಅಣ್ಣನೋ ಓಡಿಸುವ ಬೈಕೂ ಇದೆ. ಎರಡಕ್ಕೂ ಚೈನು ಬೇಕೇ ಬೇಕು. ನಮ್ಮ ಕಾಲಿನ ಬಲವಾಗಲಿ, ಎಂಜಿನ್ನಿನ ಬಲವಾಗಲಿ, ಹಿಂದಿನ ಚಕ್ರಕ್ಕೆ ಹೋಗುವುದು ಈ ಸರಪಳಿಯಿಂದಲೇ. ಟಯರಿಗೆ ಗಾಳಿ ಇದೆಯಾ ಅಂತ ನಾವು ದಿನಾ ಒತ್ತಿ ನೋಡುತ್ತೇವೆ. ಚೈನನ್ನು ಮಾತ್ರ ಅದು ಕಳಚಿ ಬಿದ್ದ ದಿನ ನೋಡುತ್ತೇವೆ. ಅದಕ್ಕೇ ಈ ಸಲ ಚೈನಿನ ಬಗ್ಗೆ ಬರೆಯುತ್ತಿದ್ದೇನೆ.

ನಮ್ಮ ಸೋದರಮಾವ ಬಸ್ ಸ್ಟ್ಯಾಂಡ್ ಹತ್ತಿರ ಸೈಕಲ್ ಶಾಪ್ ಇಟ್ಟಿದ್ದಾರೆ. ಬೈಕ್ ರಿಪೇರಿಯನ್ನೂ ಮಾಡುತ್ತಾರೆ. ರಜೆ ದಿನ ನಾನು ಅಲ್ಲಿ ಕೂತು ಸಾಮಾನು ಎತ್ತಿಕೊಡುತ್ತೇನೆ. ಮಳೆಗಾಲ ಮುಗಿದ ಮೇಲೆ ದಸರಾ ರಜೆಯಲ್ಲಿ ಮೂರು ಚೈನುಗಳನ್ನು ನನ್ನ ಕಂಪಾಸ್ ಬಾಕ್ಸಿನ ಪಕ್ಕದಲ್ಲೇ ಇರುವ ಅಡಿಪಟ್ಟಿಯಿಂದ ಅಳೆದೆ. ಒಂದು ನನ್ನ ಸೈಕಲ್ಲಿನದು, ಒಂದು ಹಾಲು ಒಯ್ಯುವ ಪಕ್ಕದ ಮನೆ ಅಣ್ಣನ ಬೈಕಿನದು, ಇನ್ನೊಂದು ಮೇಲಿನ ಕಾಫಿ ತೋಟದವರ ಡರ್ಟ್ ಬೈಕಿನದು.

ಡರ್ಟ್ ಬೈಕ್ ಅಂದರೆ ಮಣ್ಣು, ಕಲ್ಲು, ಕೆಸರಿನಲ್ಲಿ ಓಡಿಸೋಕೆ ಅಂತಲೇ ಮಾಡಿರುವ ಬೈಕು. ಟಯರಿನಲ್ಲಿ ದಪ್ಪ ದಪ್ಪ ಗುಬ್ಬೆಗಳಿರುತ್ತವೆ. ಮುಂದಿನ ಮಡ್‌ಗಾರ್ಡು ಎತ್ತರದಲ್ಲಿರುತ್ತದೆ. ಊರಿನ ಬೈಕುಗಳ ಹಾಗೆ ಚೈನಿಗೆ ಪೂರ್ತಿ ಕವರು ಇರಲ್ಲ. ಆದ್ದರಿಂದ ಚೈನು ಹೇಗೆ ಹಾಳಾಗುತ್ತದೆ ಅಂತ ಅದರಲ್ಲಿ ಚೆನ್ನಾಗಿ ಕಾಣುತ್ತದೆ.

ಚೈನಿನ ಒಳಗೆ ಏನೇನಿದೆ?

ಒಂದು ಹಳೇ ಚೈನು ತಗೊಂಡು ನೋಡಿ. ಎರಡು ತಗಡಿನ ಹೊರ ಕೊಂಡಿ, ಆಮೇಲೆ ಎರಡು ತಗಡಿನ ಒಳ ಕೊಂಡಿ, ಹೀಗೆ ಒಂದಾದ ಮೇಲೊಂದು ಬರುತ್ತದೆ. ಹೊರ ಕೊಂಡಿಯಲ್ಲಿ ಪಿನ್ನು ಇರುತ್ತದೆ. ಒಳ ಕೊಂಡಿಯಲ್ಲಿ ಸಣ್ಣ ಕೊಳವೆಯಂಥ ಬುಷ್ ಇರುತ್ತದೆ. ಪಿನ್ನು ಬುಷ್ಷಿನ ಒಳಗೆ ಕೂತಿರುತ್ತದೆ. ಬುಷ್ಷಿನ ಮೇಲೆ ರೋಲರ್ ತಿರುಗುತ್ತದೆ. ಸ್ಪ್ರಾಕೆಟ್ಟಿನ ಹಲ್ಲು ಹಿಡಿಯುವುದು ಈ ರೋಲರನ್ನು.

ಒಂದು ಪಿನ್ನಿನ ನಡುವಿನಿಂದ ಮುಂದಿನ ಪಿನ್ನಿನ ನಡುವಿಗೆ ಇರುವ ದೂರಕ್ಕೆ ಪಿಚ್ ಅಂತಾರೆ. ಸೈಕಲ್ ಚೈನಿನ ಪಿಚ್ ಅರ್ಧ ಇಂಚು, ಅಂದರೆ 12.7 ಮಿ.ಮೀ. ಎಷ್ಟೋ ಚಿಕ್ಕ ಬೈಕುಗಳಲ್ಲಿರುವ 428 ನಂಬರಿನ ಚೈನಿಗೂ ಇಷ್ಟೇ ಪಿಚ್. ಆ ನಂಬರಿನ ಮೊದಲ ಅಂಕಿ ಇಂಚಿನಲ್ಲಿ ಎಂಟನೇ ಒಂದು ಭಾಗ ಎಷ್ಟು ಸಲ ಅಂತ ಹೇಳುತ್ತದೆ. 4 ಅಂದರೆ 4/8, ಅಂದರೆ ಅರ್ಧ ಇಂಚು. ಡರ್ಟ್ ಬೈಕಿನ ಚೈನಿನ ಮೇಲೆ 520 ಅಂತ ಇತ್ತು. 5 ಅಂದರೆ 5/8 ಇಂಚು, 15.875 ಮಿ.ಮೀ. ಭಿನ್ನರಾಶಿ ಎಲ್ಲಿಗೆ ಉಪಯೋಗ ಅಂತ ಕೇಳುವವರು ಇದನ್ನು ನೋಡಿ!

ಉಕ್ಕು ಹಿಗ್ಗುತ್ತದೆಯೇ?

"ಚೈನು ಎಳೆದು ಎಳೆದು ಉದ್ದ ಆಗಿದೆ" ಅಂತ ಎಲ್ಲರೂ ಹೇಳುತ್ತಾರೆ. ನಾನೂ ಹಾಗೇ ಕೇಳಿದೆ. ಮಾವ ನಕ್ಕು, "ಉಕ್ಕು ಏನು ರಬ್ಬರಾ, ಎಳೆದ್ರೆ ಉದ್ದ ಆಗಕ್ಕೆ? ಚೈನು ಉದ್ದ ಆಗಲ್ಲ ಕಣವ್ವ, ಸವೀತದೆ" ಅಂದರು.

ಸವೆಯುವುದು ಎಲ್ಲಿ ಗೊತ್ತೇ? ಪಿನ್ನು ಮತ್ತು ಬುಷ್ ಒಂದಕ್ಕೊಂದು ಉಜ್ಜುವ ಜಾಗದಲ್ಲಿ. ಚೈನು ಹಲ್ಲಿನ ಮೇಲೆ ಹತ್ತುವಾಗ ಒಂದು ಸಲ ಮಡಚುತ್ತದೆ, ಇಳಿಯುವಾಗ ನೇರವಾಗುತ್ತದೆ. ಪ್ರತಿ ಸಲವೂ ಒಳಗೆ ತಿಕ್ಕಾಟ. ಪಿನ್ನು ತೆಳ್ಳಗಾಗುತ್ತದೆ, ಬುಷ್ಷಿನ ತೂತು ದೊಡ್ಡದಾಗುತ್ತದೆ. ಒಂದು ಜೋಡಣೆಯಲ್ಲಿ 0.1 ಮಿ.ಮೀ. ಸವೆದರೆ ಕಣ್ಣಿಗೆ ಕಾಣಲ್ಲ. ಆದರೆ ಒಂದು ಚೈನಿನಲ್ಲಿ ಇಂಥ ಜೋಡಣೆ ನೂರಕ್ಕೂ ಹೆಚ್ಚು. 100 × 0.1 = 10 ಮಿ.ಮೀ. ಪೂರ್ತಿ ಒಂದು ಸೆಂಟಿಮೀಟರ್! ಹನಿ ಹನಿ ಗೂಡಿದರೆ ಹಳ್ಳ ಅನ್ನುವ ಗಾದೆ ಇಲ್ಲಿ ಸರಿಯಾಗಿ ಹೊಂದುತ್ತದೆ. ಚೈನು ಜೋಲು ಬೀಳುವುದು ಇದರಿಂದ.

ನಮ್ಮದು ಬೇಲೂರು ತಾಲ್ಲೂಕು. ಮುಖ್ಯ ರಸ್ತೆ ಬಿಟ್ಟರೆ ಮಣ್ಣಿನ ದಾರಿ. ಬೇಸಿಗೆಯಲ್ಲಿ ಕೆಂಪು ದೂಳು, ಮಳೆಗಾಲದಲ್ಲಿ ಕೆಸರು. ದೂಳಿನ ಜೊತೆ ಮರಳಿನ ಸಣ್ಣ ಕಣವೂ ಇರುತ್ತದೆ. ಅದು ಎಣ್ಣೆಗೆ ಅಂಟಿಕೊಂಡು ಪಿನ್ನಿನ ಹತ್ತಿರ ಹೋದರೆ ಸಾಣೆಕಲ್ಲಿನ ಕೆಲಸ ಮಾಡುತ್ತದೆ. ಎಂಜಿನ್ನಿಂದ ತೆಗೆದ ಕರಿ ಆಯಿಲ್ಲನ್ನು ಚೈನಿಗೆ ಸುರಿಯುವವರಿದ್ದಾರೆ. ಅದರಲ್ಲಿ ಮೊದಲೇ ಲೋಹದ ಪುಡಿ, ಮಸಿ ಎಲ್ಲಾ ಇರುತ್ತದೆ. ಆ ಕೆಲಸ ಬೇಡ. ಅಡುಗೆ ಎಣ್ಣೆಯೂ ಬೇಡ, ಸ್ವಲ್ಪ ದಿನಕ್ಕೆ ಅಂಟಂಟಾಗಿ ದೂಳು ಹಿಡಿಯುತ್ತದೆ.

ಅಡಿಪಟ್ಟಿಯಿಂದ ಅಳೆಯುವ ಕ್ರಮ

1. ಮೊದಲು ಚೈನನ್ನು ಬಟ್ಟೆಯಿಂದ ಒರೆಸಿ. ಕೊಳೆ ಇದ್ದರೆ ಪಿನ್ನಿನ ನಡುಭಾಗ ಕಾಣಲ್ಲ.

2. ಚೈನು ಬಿಗಿಯಾಗಿ, ನೇರವಾಗಿ ಇರಬೇಕು. ಸೈಕಲ್ಲಿನಲ್ಲಾದರೆ ಚೈನ್ ಕವರ್ ಬಿಚ್ಚಿ, ಒಬ್ಬರು ಹಿಂದಿನ ಬ್ರೇಕ್ ಗಟ್ಟಿಯಾಗಿ ಹಿಡಿದು ಪೆಡಲನ್ನು ಮೆಲ್ಲಗೆ ಒತ್ತಿದರೆ ಮೇಲಿನ ಚೈನು ಬಿಗಿಯಾಗುತ್ತದೆ. ಬೈಕಿನ ಚೈನನ್ನು ಮಾವ ಬಿಚ್ಚಿ, ತೊಳೆದು, ಹಲಗೆಗೆ ಹೊಡೆದ ಮೊಳೆಗೆ ಸಿಕ್ಕಿಸಿ ಎಳೆದು ಹಿಡಿಯುತ್ತಾರೆ.

3. ಅಡಿಪಟ್ಟಿಯ ತುದಿ ಅಲ್ಲ, ಸೊನ್ನೆಯ ಗೆರೆ ಮೊದಲ ಪಿನ್ನಿನ ನಡುವಿಗೆ ಬರಬೇಕು.

4. ಸೈಕಲ್ ಚೈನು ಮತ್ತು 428 ಚೈನಿನಲ್ಲಿ 20 ಪಿಚ್ ಎಣಿಸಿ. ಇಲ್ಲಿ ಜಾಗ್ರತೆ! 20 ಪಿಚ್ ಆಗಬೇಕಾದರೆ 21 ಪಿನ್ ಬೇಕು. ಬೇಲಿಯಲ್ಲಿ 20 ಅಂಕಣ ಬೇಕಾದರೆ 21 ಗೂಟ ನೆಡಬೇಕಲ್ಲ, ಹಾಗೆ.

5. 20 × 12.7 = 254 ಮಿ.ಮೀ. ಹೊಸ ಚೈನು ಇಷ್ಟು ಇರಬೇಕು.

6. 520 ಚೈನಿನಲ್ಲಿ 16 ಪಿಚ್ ಎಣಿಸಿ. 16 × 15.875 = 254 ಮಿ.ಮೀ. ನೋಡಿ, ಇದೂ ಅಷ್ಟೇ! ಎರಡೂ ಸರಿಯಾಗಿ 10 ಇಂಚು. ಒಂದೇ ಸಂಖ್ಯೆ ನೆನಪಿಟ್ಟುಕೊಂಡರೆ ಸಾಕು.

7. 254ಕ್ಕಿಂತ ಎಷ್ಟು ಹೆಚ್ಚು ಬಂತೋ ಅದನ್ನು 254ರಿಂದ ಭಾಗಿಸಿ 100ರಿಂದ ಗುಣಿಸಿ. ಅದು ಶೇಕಡಾ ಸವೆತ.

ಶೇಕಡಾ 1 ಸವೆದರೆ ಸುಮಾರು 256.5 ಮಿ.ಮೀ. ಬರುತ್ತದೆ. ಸೈಕಲ್ ಚೈನು ಅಷ್ಟಾದರೆ ಬದಲಾಯಿಸಬೇಕು. ಬೈಕಿನ ಚೈನಿಗೆ ಎಷ್ಟು ಮಿತಿ ಅಂತ ಬೈಕಿನ ಜೊತೆ ಕೊಡುವ ಪುಸ್ತಕದಲ್ಲಿರುತ್ತದೆ. ಸಾಮಾನ್ಯವಾಗಿ ಶೇಕಡಾ 2ರ ಒಳಗೇ ಇರುತ್ತದೆ. ಶೇಕಡಾ 2 ಅಂದರೆ 259 ಮಿ.ಮೀ.

ನನ್ನ ಲೆಕ್ಕ ಹೀಗೆ ಬಂತು:

ನನ್ನ ಸೈಕಲ್ – 256 ಮಿ.ಮೀ. – ಶೇ. 0.79
ಡರ್ಟ್ ಬೈಕ್ – 258 ಮಿ.ಮೀ. – ಶೇ. 1.57
ಹಾಲಿನ ಬೈಕ್ – 260 ಮಿ.ಮೀ. – ಶೇ. 2.36

ನನ್ನ ಸೈಕಲ್ ನಮ್ಮಕ್ಕನಿಗೆ 2019ರಲ್ಲಿ ಎಂಟನೇ ತರಗತಿಯಲ್ಲಿ ಸರ್ಕಾರದಿಂದ ಸಿಕ್ಕಿದ್ದು. ಚೈನು ಇನ್ನೂ ಅದೇ. ಇನ್ನು ಸ್ವಲ್ಪ ದಿನ ಓಡಿಸಬಹುದು, ಸಂಕ್ರಾಂತಿ ಹೊತ್ತಿಗೆ ಮತ್ತೆ ಅಳೆಯಬೇಕು. ಡರ್ಟ್ ಬೈಕ್ ಹಳೇದಲ್ಲ, ಆದರೂ ಕೆಸರಿನಲ್ಲೇ ಓಡಿ ನನ್ನ ಸೈಕಲ್ಲಿಗಿಂತ ಬೇಗ ಸವೆದಿದೆ. ಮೂರನೆಯದರ ಕಥೆ ಮುಂದೆ ಹೇಳುತ್ತೇನೆ.

ಕಣ್ಣು ಕೈಯಿಂದ ನೋಡುವುದು

ಅಡಿಪಟ್ಟಿ ಇಲ್ಲದೆಯೂ ಕೆಲವು ಗುರುತು ಹಿಡಿಯಬಹುದು.

ಹಲ್ಲು: ಸ್ಪ್ರಾಕೆಟ್ಟಿನ ಹಲ್ಲು ಎರಡೂ ಕಡೆ ಒಂದೇ ಸಮ ಇರಬೇಕು. ಕುಡುಗೋಲಿನ ಮೊನೆ ಹಾಗೆ ಒಂದು ಕಡೆ ಬಾಗಿದ್ದರೆ ಸವೆದಿದೆ ಅಂತ ಅರ್ಥ. ಎಂಜಿನ್ ಕಡೆಯ ಚಿಕ್ಕ ಸ್ಪ್ರಾಕೆಟ್ ಬೇಗ ಸವೆಯುತ್ತದೆ. ಚಿಕ್ಕದಕ್ಕೆ 14 ಹಲ್ಲು, ದೊಡ್ಡದಕ್ಕೆ 42 ಹಲ್ಲು ಇದ್ದರೆ, ದೊಡ್ಡದು ಒಂದು ಸುತ್ತು ಸುತ್ತುವಾಗ ಚಿಕ್ಕದು ಮೂರು ಸುತ್ತು ಸುತ್ತುತ್ತದೆ. ಹಾಗಾಗಿ ಅದರ ಒಂದೊಂದು ಹಲ್ಲಿಗೂ ಮೂರು ಪಟ್ಟು ಕೆಲಸ.

ಎಳೆದು ನೋಡುವುದು: ದೊಡ್ಡ ಸ್ಪ್ರಾಕೆಟ್ಟಿನ ಹಿಂಭಾಗದಲ್ಲಿ ಚೈನನ್ನು ಹಿಂದಕ್ಕೆ ಎಳೆಯಿರಿ. ಹೊಸದಾದರೆ ಏಳುವುದೇ ಇಲ್ಲ. ಅರ್ಧ ಹಲ್ಲು ಕಾಣುವಷ್ಟು ಎದ್ದರೆ ಅದರ ಕಾಲ ಮುಗಿಯಿತು.

ಬಿಗಿ ಕೊಂಡಿ: ಚಕ್ರವನ್ನು ಕೈಯಿಂದ ನಿಧಾನಕ್ಕೆ ತಿರುಗಿಸಿ. ಯಾವುದಾದರೂ ಕೊಂಡಿ ಮಡಚಿದ ಹಾಗೇ ನಿಂತಿದ್ದರೆ ಒಳಗೆ ತುಕ್ಕು ಹಿಡಿದಿದೆ.

ತಗಡು: ತಗಡಿನ ಪಕ್ಕ ಹೊಳೆಯುವ ಗೀರು ಇದ್ದರೆ ಎಲ್ಲೋ ಉಜ್ಜುತ್ತಿದೆ. ಡರ್ಟ್ ಬೈಕಿನಲ್ಲಿ ಹೀಗೇ ಆಗಿತ್ತು. ಕಲ್ಲು ಬಡಿದು, ಚೈನು ಅತ್ತಿತ್ತ ಹೋಗದಂತೆ ಹಿಡಿಯುವ ಗೈಡ್ ಒಳಕ್ಕೆ ಬಾಗಿತ್ತು. ಗೀರು ನೋಡಿಯೇ ಮಾವ ಮೊದಲು ಗೈಡಿಗೆ ಕೈ ಹಾಕಿದರು. ಅದನ್ನು ನೆಟ್ಟಗೆ ಮಾಡದೆ ಹೊಸ ಚೈನು ಹಾಕಿದರೆ ಅದೂ ಹಾಳು.

ಕೊಂಡಿ ಕಿತ್ತರೆ ಸರಿ ಹೋಗುತ್ತದೆಯೇ?

ನಮ್ಮ ಕಡೆ ಚೈನು ಜೋಲು ಬಿದ್ದರೆ ಎರಡು ಕೊಂಡಿ ಕಿತ್ತು ಮತ್ತೆ ಜೋಡಿಸುವುದು ರೂಢಿ. ಖರ್ಚು ಕಡಿಮೆ, ಚೈನು ಬಿಗಿಯಾಗಿ ಕಾಣುತ್ತದೆ. ಪಕ್ಕದ ಮನೆ ಅಣ್ಣನೂ ಬೇರೆ ಊರಿನ ಒಂದು ಅಂಗಡಿಯಲ್ಲಿ ಹಾಗೇ ಮಾಡಿಸಿದ್ದರು. ಅವರು ದಿನಾ ಬೆಳಿಗ್ಗೆ ನಾಲ್ಕು ಮನೆಯ ಹಾಲನ್ನು ಕ್ಯಾನಿನಲ್ಲಿ ತುಂಬಿ ಡೈರಿಗೆ ಒಯ್ಯುತ್ತಾರೆ. ಕೆಲವು ದಿನದಿಂದ ದಿಣ್ಣೆ ಹತ್ತುವಾಗ ಚೈನು 'ಟಕ್ ಟಕ್' ಅಂತ ಹಲ್ಲು ಹಾರುತ್ತಿತ್ತು. ಒಂದು ದಿನ ಕೆರೆ ಏರಿ ಹತ್ತುವಾಗ ಪಟ್ ಅಂತ ಕಿತ್ತು ಹೋಯಿತು. ಬೈಕು ಹಿಂದಕ್ಕೆ ಜಾರಿ ವಾಲಿಕೊಂಡಿತು. ಅಣ್ಣನಿಗೆ ಮೊಣಕಾಲು ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಆದರೆ ನಾಲ್ಕೂ ಮನೆಯ ಹಾಲು ಏರಿ ಮೇಲೆ ಹರಿಯಿತು. ಅದರಲ್ಲಿ ಒಂದು ಮನೆ ಅಜ್ಜಿಗೆ ಇರುವುದು ಒಂದೇ ಹಸು.

ಶಾಪಿನಲ್ಲಿ ಅಣ್ಣ, "ಈಗ್ಲೂ ಎರಡು ಕೊಂಡಿ ಕಿತ್ತು ಒಂದು ಲಾಕ್ ಹಾಕ್ಕೊಡಿ ಸಾಕು" ಅಂದರು. ಮಾವ ಚೈನನ್ನು ಹಲಗೆ ಮೇಲೆ ಇಟ್ಟು ನನ್ನ ಕೈಯಲ್ಲಿ ಅಳೆಸಿದರು. 260 ಬಂತು. ಆಮೇಲೆ ಹೇಳಿದರು: "ನೋಡಪ್ಪಾ, ಕೊಂಡಿ ಕಿತ್ರೆ ಚೈನು ಗಿಡ್ಡ ಆಯ್ತದೆ, ಹೊಸದಾಗಲ್ಲ. ಉಳಿದಿರೋ ಒಂದೊಂದು ಕೊಂಡಿನೂ ಸವೆದೇ ಅದೆ."

ಇದು ನನಗೆ ತುಂಬಾ ಮುಖ್ಯ ಅನ್ನಿಸಿತು. ಹಲ್ಲಿನಿಂದ ಹಲ್ಲಿಗೆ ಇರುವ ದೂರ 12.7. ಸವೆದ ಚೈನಿನ ಪಿಚ್ 13. ಎರಡು ಕೊಂಡಿ ಕಿತ್ತರೂ ಉಳಿದದ್ದು 13ರ ಪಿಚ್ಚೇ ಅಲ್ಲವೇ? ಆಗ ರೋಲರುಗಳು ಎಲ್ಲಾ ಹಲ್ಲಿನ ಬುಡದಲ್ಲಿ ಕೂರಲ್ಲ, ಮೇಲಕ್ಕೆ ಹತ್ತುತ್ತವೆ. ಭಾರವೆಲ್ಲ ಒಂದೆರಡು ಹಲ್ಲಿನ ಮೇಲೆ ಬೀಳುತ್ತದೆ. ಹಲ್ಲು ಕುಡುಗೋಲಾಗುತ್ತದೆ. ಕೊನೆಗೆ ಚೈನು ಹಾರುತ್ತದೆ ಅಥವಾ ಕಿತ್ತು ಹೋಗುತ್ತದೆ. ಓಡುವಾಗ ಕಿತ್ತ ಚೈನು ಚಕ್ರಕ್ಕೆ ಸಿಕ್ಕಿಕೊಂಡರೆ ಚಕ್ರ ನಿಂತು ಸವಾರ ಬೀಳಬಹುದು. ಎಂಜಿನ್ನಿನ ಹೊರಗವಚವನ್ನೂ ಅದು ಒಡೆಯಬಹುದು.

ಅಣ್ಣ ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. ಚೈನ್ ಸೆಟ್ಟಿಗೆ ಅವರ ಎರಡು ಮೂರು ದಿನದ ಹಾಲಿನ ದುಡ್ಡು ಬೇಕು. ಏರಿ ಮೇಲೆ ಚೆಲ್ಲಿದ್ದೇ ಒಂದು ದಿನದ್ದು. ಕೊನೆಗೆ ಸೆಟ್ಟೇ ಹಾಕಿಸಿದರು. ಅಜ್ಜಿಯ ಹಾಲಿನ ದುಡ್ಡನ್ನು ಕೈಯಿಂದ ಕೊಟ್ಟರು ಅಂತ ಅಮ್ಮ ಹೇಳಿದರು.

ರಿಪೇರಿ ಹೇಗೆ?

ಬಿಗಿ ಕೊಂಡಿ: ತೊಳೆದು, ಎಣ್ಣೆ ಬಿಟ್ಟು, ಎರಡೂ ಕೈಯಿಂದ ಅತ್ತಿತ್ತ ಮೆಲ್ಲಗೆ ಆಡಿಸಿದರೆ ಬಿಡುತ್ತದೆ. ಬಿಡದಿದ್ದರೆ ಚೈನು ಬದಲಾಯಿಸಬೇಕು.

ತೊಳೆಯುವುದು: ಸೀಮೆಎಣ್ಣೆ ಸಿಗುವುದು ಕಷ್ಟವಾದ್ದರಿಂದ ಮಾವ ಡೀಸೆಲ್ ಮತ್ತು ಹಳೇ ಹಲ್ಲುಜ್ಜುವ ಬ್ರಷ್ ಬಳಸುತ್ತಾರೆ. ಪೆಟ್ರೋಲ್ ಬೇಡ, ಬೆಂಕಿಯ ಭಯ. ಡರ್ಟ್ ಬೈಕಿನಂಥ ಕೆಲವು ಚೈನುಗಳಲ್ಲಿ ಕೊಂಡಿಯ ನಡುವೆ ಸಣ್ಣ ರಬ್ಬರ್ ಉಂಗುರ ಇರುತ್ತದೆ. ಪಿನ್ನಿನ ಗ್ರೀಸ್ ಹೊರಗೆ ಹೋಗದ ಹಾಗೆ ಅದು ತಡೆಯುತ್ತದೆ. ಪೆಟ್ರೋಲ್, ತಂತಿ ಬ್ರಷ್ ಎರಡೂ ಆ ಉಂಗುರವನ್ನು ಹಾಳು ಮಾಡುತ್ತವೆ. ಅಂಥ ಚೈನಿಗೆ ಅದಕ್ಕೆಂದೇ ಸಿಗುವ ಕ್ಲೀನರ್ ಒಳ್ಳೆಯದು.

ಎಣ್ಣೆ: ಒರೆಸಿ ಒಣಗಿದ ಮೇಲೆ ಕೆಳಗಿನ ಚೈನಿನ ಒಳಮೈಗೆ ಒಂದೊಂದು ರೋಲರಿಗೂ ಒಂದೊಂದು ಹನಿ ಬಿಡಬೇಕು. ಚೈನು ಸುತ್ತುವಾಗ ಎಣ್ಣೆ ತಾನಾಗೇ ಹೊರಗಡೆಗೆ ಹರಡುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಮೇಲಿನ ಎಣ್ಣೆಯನ್ನು ಒರೆಸಿಬಿಡಬೇಕು. ಎಣ್ಣೆ ಬೇಕಾದ್ದು ಒಳಗೆ, ಹೊರಗಿನದಕ್ಕೆ ದೂಳು ಹಿಡಿಯುತ್ತದೆ.

ಬಿಗಿ ಮಾಡುವುದು: ಹಿಂದಿನ ಆಕ್ಸಲ್ ನಟ್ಟು ಸಡಿಲಿಸಿ, ಎರಡೂ ಕಡೆಯ ಅಡ್ಜಸ್ಟರನ್ನು ಒಂದೇ ಸಮ ತಿರುಗಿಸಬೇಕು. ಒಂದು ಕಡೆ ಹೆಚ್ಚಾದರೆ ಚಕ್ರ ಓರೆಯಾಗಿ ಹಲ್ಲಿನ ಪಕ್ಕ ಸವೆಯುತ್ತದೆ. ತುಂಬಾ ಬಿಗಿ ಮಾಡಬಾರದು. ನಾವು ಸೀಟಿನ ಮೇಲೆ ಕೂತು ಶಾಕ್ ಕೆಳಗಿಳಿದಾಗ ಬೈಕಿನ ಚೈನು ಇನ್ನೂ ಬಿಗಿಯಾಗುತ್ತದೆ. ಡರ್ಟ್ ಬೈಕಿನ ಶಾಕ್ ತುಂಬಾ ಇಳಿಯುವುದರಿಂದ ಅದಕ್ಕೆ ಹೆಚ್ಚು ಸಡಿಲ ಬಿಡುತ್ತಾರೆ. ಎಷ್ಟು ಬಿಡಬೇಕು ಅಂತ ಬೈಕಿನ ಪುಸ್ತಕದಲ್ಲಿರುತ್ತದೆ. ಕೊನೆಗೆ ನಟ್ಟು ಬಿಗಿ ಮಾಡಿ ಬ್ರೇಕ್ ನೋಡಲೇಬೇಕು.

ಬದಲಾಯಿಸುವುದು: ಹಲ್ಲು ಬಾಗಿದ್ದರೆ ಚೈನು ಒಂದನ್ನೇ ಹಾಕಬಾರದು. ಹಳೇ ಹಲ್ಲು ಹೊಸ ಚೈನನ್ನು ಬೇಗ ತಿನ್ನುತ್ತದೆ. ಎರಡು ಸ್ಪ್ರಾಕೆಟ್, ಒಂದು ಚೈನು, ಮೂರೂ ಒಟ್ಟಿಗೆ ಹಾಕಬೇಕು. ಡರ್ಟ್ ಬೈಕಿಗೂ ಹಾಗೇ ಮಾಡಿದರು.

ಲಾಕ್: ಚೈನ್ ಲಾಕಿನ ಕ್ಲಿಪ್ಪು ಮೀನಿನ ಆಕಾರ ಇರುತ್ತದೆ. ಮುಚ್ಚಿದ ಕಡೆ ತಲೆ, ಸೀಳಿದ ಕಡೆ ಬಾಲ. ಚೈನು ಹೋಗುವ ದಿಕ್ಕಿಗೆ ಮೀನಿನ ತಲೆ ಇರಬೇಕು. ತಿರುಗಿಸಿ ಹಾಕಿದರೆ ಏನಾದರೂ ತಗುಲಿ ಕ್ಲಿಪ್ಪು ಹಾರಿಹೋಗಬಹುದು. ಮೀನು ಮುಂದಕ್ಕೆ ಈಜಬೇಕು ಅಂತ ನೆನಪಿಡಿ.

ಬೆರಳು ಜೋಪಾನ!

ನಮ್ಮ ಮಾವನ ಬಲಗೈ ತೋರುಬೆರಳಿನ ತುದಿ ಇಲ್ಲ. ಕೆಲಸ ಕಲಿಯುವ ವಯಸ್ಸಿನಲ್ಲಿ ಬೈಕನ್ನು ಸ್ಟ್ಯಾಂಡ್ ಹಾಕಿ, ಎಂಜಿನ್ ಚಾಲೂ ಇಟ್ಟು, ಗೇರಿನಲ್ಲೇ ಚಕ್ರ ಸುತ್ತಿಸುತ್ತಾ ಚೈನು ಒರೆಸುತ್ತಿದ್ದರಂತೆ. ಬಟ್ಟೆಯನ್ನು ಚೈನು ಎಳೆಯಿತು, ಬಟ್ಟೆಯ ಜೊತೆ ಬೆರಳೂ ಹೋಯಿತು. "ಬಟ್ಟೆ ಬಿಡಬೇಕು ಅನ್ನೋ ಅಷ್ಟರಲ್ಲಿ ಮುಗಿದೋಗಿತ್ತು" ಅಂತಾರೆ. ಅದಕ್ಕೇ ಅವರ ಶಾಪಿನಲ್ಲಿ ಈ ನಿಯಮಗಳಿವೆ:

* ಬೈಕಿನ ಕೀ ತೆಗೆದು ಜೇಬಿಗೆ ಹಾಕಿಕೊಂಡ ಮೇಲೆಯೇ ಚೈನು ಮುಟ್ಟಬೇಕು. ಗೇರು ನ್ಯೂಟ್ರಲ್ ಇರಬೇಕು.
* ಚಕ್ರವನ್ನು ಕೈಯಿಂದಲೇ ತಿರುಗಿಸಬೇಕು. ನಿಲ್ಲಿಸಿದ ಮೇಲೆ ಒರೆಸಬೇಕು. ತಿರುಗುವಾಗ ಒರೆಸಬಾರದು.
* ಸೈಕಲ್ ಚೈನಿಗೆ ಕೈ ಹಾಕಿದಾಗ ತಮ್ಮ ತಂಗಿಯರು ಪೆಡಲ್ ಮುಟ್ಟದ ಹಾಗೆ ನೋಡಿಕೊಳ್ಳಬೇಕು.
* ವೇಲ್, ಲಂಗ, ಪಂಚೆ ಚೈನಿಗೆ ಸಿಗದಂತೆ ಚೈನ್ ಕವರ್ ಇರಲೇಬೇಕು. ಅಳೆಯಲು ಬಿಚ್ಚಿದರೆ ಮತ್ತೆ ಹಾಕಬೇಕು.
* ಬೈಕಿನ ಚೈನು ಬಿಚ್ಚುವುದು, ಬಿಗಿ ಮಾಡುವುದು ದೊಡ್ಡವರ ಕೆಲಸ. ನಾವು ನೋಡುವುದು, ಅಳೆಯುವುದು, ಹೇಳುವುದು.

ನಿಮಗೆ ಗೊತ್ತೇ?

ಈಗ ನಾವು ಬಳಸುವಂಥ ಬುಷ್ ಮತ್ತು ರೋಲರ್ ಇರುವ ಚೈನನ್ನು 1880ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಹಾನ್ಸ್ ರೆನಾಲ್ಡ್ ಎಂಬುವರು ಕಂಡುಹಿಡಿದರು. ಅವರು ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದವರು. 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಎಂಬುವರು ಚೈನಿನಿಂದ ಹಿಂದಿನ ಚಕ್ರ ತಿರುಗಿಸುವ 'ರೋವರ್' ಸೈಕಲ್ ಮಾಡಿದರು. ನಾವು ಇವತ್ತು ತುಳಿಯುವ ಸೈಕಲ್ ಅದೇ ಮಾದರಿಯದು.

ಲೆಕ್ಕ ಮಾಡಿ ನೋಡಿ

1. ಒಂದು ಚೈನಿನಲ್ಲಿ 112 ಜೋಡಣೆಗಳಿವೆ. ಪ್ರತಿಯೊಂದೂ 0.1 ಮಿ.ಮೀ. ಸವೆದಿದೆ. ಚೈನು ಒಟ್ಟು ಎಷ್ಟು ಉದ್ದವಾದ ಹಾಗೆ ಕಾಣುತ್ತದೆ?
2. 20 ಪಿಚ್ಚಿಗೆ 257 ಮಿ.ಮೀ. ಬಂದರೆ ಸವೆತ ಶೇಕಡಾ ಎಷ್ಟು? ಸೈಕಲ್ಲಿನದಾದರೆ ಬದಲಾಯಿಸಬೇಕೇ, ಬೇಡವೇ?

ಉತ್ತರವನ್ನು ಚೀಟಿಯಲ್ಲಿ ಬರೆದು ಈ ಗೋಡೆ ಪತ್ರಿಕೆಯ ಕೆಳಗಿರುವ ಡಬ್ಬಿಗೆ ಹಾಕಿ. ಶನಿವಾರ ಶಾಲೆ ಬಿಟ್ಟ ಮೇಲೆ ಸೈಕಲ್ ನಿಲ್ಲಿಸುವ ಜಾಗದಲ್ಲಿ ನಾನು ಅಡಿಪಟ್ಟಿ ಮತ್ತು ಹಳೇ ಬಟ್ಟೆ ಇಟ್ಟುಕೊಂಡು ಇರುತ್ತೇನೆ. ನಿಮ್ಮ ಸೈಕಲ್ಲಿನ 21 ಪಿನ್ನು ಒಟ್ಟಿಗೆ ಎಣಿಸೋಣ. ಮನೆಯಲ್ಲಿ ಬೈಕ್ ಇದ್ದರೆ ಇವತ್ತೇ ಅಪ್ಪನಿಗೋ ಅಣ್ಣನಿಗೋ ಕೇಳಿ: "ಚೈನು ಯಾವಾಗ ನೋಡಿಸಿದ್ದು?"

ಇತಿ,
ಏಳನೇ ತರಗತಿಯ ವಿದ್ಯಾರ್ಥಿನಿ